ಅಂಗುಲದಲ್ಲಿ ಅಡಗಿದ ಗೂಡ್ಸ್ ಗಾಡಿ

ನಲವತ್ತು ಅಡಿ ಉದ್ದದ ಸರಕಿನ ವ್ಯಾಗನ್ನನ್ನು ಹತ್ತು ಅಂಗುಲಕ್ಕೆ ಇಳಿಸುವುದು ಕೇಳಲು ಸುಲಭ. ಅಡಿಗೆ ಕಾಲು ಅಂಗುಲವೆಂದು ಲೆಕ್ಕ ಹಿಡಿದರಾಯಿತು; ನಿಜವಾದ ಗಾಡಿಯ 48ರಲ್ಲೊಂದು ಪಾಲು ಮೇಜಿನ ಮೇಲೆ ಬಂದು ನಿಲ್ಲುತ್ತದೆ. ಅಮೆರಿಕದಲ್ಲಿ ‘ಓ’ ಎಂದು ಹೆಸರಾದ ಮಾದರಿ ರೈಲುಗಳ ಪ್ರಮಾಣ ಇದೇ. ಆದರೆ ಅರ್ಧ ಶತಮಾನಕ್ಕೂ ಹಿಂದೆ ತಯಾರಾದ ಆ ಪುಟ್ಟ ವ್ಯಾಗನ್ನುಗಳ ಮೇಲೆ ಅಳತೆಪಟ್ಟಿಯನ್ನಿಟ್ಟು ನೋಡಿದರೆ, ಈ ಲೆಕ್ಕಕ್ಕೆ ಒಪ್ಪುವಂಥವು ಕೆಲವೇ.

ಮೊದಲ ವ್ಯತ್ಯಾಸ ಹಳಿಯಲ್ಲಿಯೇ ಇದೆ. ಅಮೆರಿಕದ ರೈಲುಹಳಿಗಳ ನಡುವಣ ಅಂತರ 4 ಅಡಿ 8½ ಅಂಗುಲ. ಅದನ್ನು 48ರಿಂದ ಭಾಗಿಸಿದರೆ ಸುಮಾರು 1.18 ಅಂಗುಲ ಬರಬೇಕು. ‘ಓ’ ಹಳಿಯ ಅಂತರವಾದರೋ 1¼ ಅಂಗುಲ. ಎಂದರೆ ಐದು ಅಡಿಗೆ ಸಮ. ಸಾಲದುದಕ್ಕೆ, ವಿದ್ಯುತ್ತನ್ನು ಒದಗಿಸಲು ನಡುವೆ ಮೂರನೆಯ ಹಳಿ ಬೇರೆ!

ತಿರುವಿನ ತೊಡಕು

ವ್ಯಾಗನ್ನುಗಳು ಗಿಡ್ಡವಾದುದಕ್ಕೆ ಕಾರಣ ತಯಾರಕರ ಅಜ್ಞಾನವಲ್ಲ, ಮನೆಯ ಕೋಣೆ. ಜೋಶುವಾ ಲಯನೆಲ್ ಕೋವೆನ್ 1900ರಲ್ಲಿ ಆರಂಭಿಸಿದ ಲಯನೆಲ್ ಸಂಸ್ಥೆಯ ಅಗ್ಗದ ಹಳಿಗಳನ್ನು ಜೋಡಿಸಿದರೆ 27 ಅಂಗುಲ ವ್ಯಾಸದ ವೃತ್ತವಾಗುತ್ತಿತ್ತು. 48ರಿಂದ ಗುಣಿಸಿದರೂ ಅದರ ತ್ರಿಜ್ಯ ಕೇವಲ 54 ಅಡಿ. ಅಂಥ ಇಕ್ಕಟ್ಟಿನಲ್ಲಿ ನಿಜವಾದ ಗೂಡ್ಸ್ ಗಾಡಿ ಹೊರಳುವುದೆಲ್ಲಿ ಬಂತು? ಆದಕಾರಣ ವ್ಯಾಗನ್ನನ್ನು ಕುಗ್ಗಿಸಿದರು. ಹಳಿ ತಪ್ಪದಂತೆ ಚಕ್ರದ ಅಂಚನ್ನು ಎತ್ತರಿಸಿದರು. ಮಕ್ಕಳ ಕೈಯ ಬಿರುಸನ್ನು ತಾಳಲೆಂದು ಕೊಂಡಿಯನ್ನು ದಪ್ಪಗೊಳಿಸಿದರು.

ನಿಖರತೆಯ ಹಂಬಲ ಅವರಿಗಿರಲಿಲ್ಲವೆಂದಲ್ಲ. 1937ರಲ್ಲಿ ಲಯನೆಲ್, ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಯ ‘ಹಡ್ಸನ್’ ಎಂಜಿನ್ನನ್ನು ಪ್ರಮಾಣ ತಪ್ಪದೆ ನಿರ್ಮಿಸಿತು. ಬೆಲೆ 75 ಡಾಲರು. ಓಡಲು 72 ಅಂಗುಲ ವ್ಯಾಸದ ತಿರುವು ಬೇಕು. 1940ರಲ್ಲಿ ಅದಕ್ಕೆ ತಕ್ಕ ಬಾಕ್ಸ್ ವ್ಯಾಗನ್, ಟ್ಯಾಂಕರ್, ಹಾಪರ್ ಮತ್ತು ಗಾರ್ಡಿನ ಡಬ್ಬಿಗಳು ಬಂದವು. ಎರಡೇ ವರ್ಷದಲ್ಲಿ ಯುದ್ಧ ಆಟದ ರೈಲುಗಳ ತಯಾರಿಕೆಯನ್ನೇ ನಿಲ್ಲಿಸಿತು.

ಯುದ್ಧಾನಂತರ ಮಕ್ಕಳ ಮನಸ್ಸೇ ಗೆದ್ದಿತು. 1947ರಲ್ಲಿ ಬಂದ ಹಾಲಿನ ವ್ಯಾಗನ್ನಿನಿಂದ ಪುಟ್ಟ ಮನುಷ್ಯನೊಬ್ಬ ಹಾಲಿನ ಕ್ಯಾನುಗಳನ್ನು ಹೊರದೂಡುತ್ತಿದ್ದ. ಅದರ ಅಳತೆಯನ್ನು ವಿಚಾರಿಸುವವರಾರು? ಇತ್ತ ಗಿಲ್ಬರ್ಟ್ ಕಂಪನಿಯ ‘ಅಮೆರಿಕನ್ ಫ್ಲೈಯರ್’ 1946ರಲ್ಲಿ ಎರಡೇ ಹಳಿಗಳ ಮಾರ್ಗ ಹಿಡಿಯಿತು. ಪ್ರಮಾಣ 64ರಲ್ಲೊಂದು, ಹಳಿಯ ಅಂತರ ⅞ ಅಂಗುಲ. ಗುಣಿಸಿದರೆ 56 ಅಂಗುಲ. ನಿಜಕ್ಕಿಂತ ಅರ್ಧ ಅಂಗುಲವಷ್ಟೇ ಕಡಿಮೆ! ಆದರೂ 1967ರಲ್ಲಿ ಆ ಕಂಪನಿ ದಿವಾಳಿಯಾಯಿತು. ‘ಫ್ಲೈಯರ್’ ಹೆಸರು ಲಯನೆಲ್ ಪಾಲಾಯಿತು.

ತಿದ್ದಬೇಕೆ, ಬಿಡಬೇಕೆ?

ಹಳೆಯ ವ್ಯಾಗನ್ನನ್ನು ಪರೀಕ್ಷಿಸುವವರು ಉದ್ದವೊಂದನ್ನೇ ಅಳೆದರೆ ಸಾಲದು. ಅಗಲ, ಎತ್ತರಗಳನ್ನು ಬೇರೆ ಬೇರೆಯಾಗಿ 48ರಿಂದ ಗುಣಿಸಿ ಮೂಲದೊಡನೆ ಹೋಲಿಸಬೇಕು. ಒಂದು ಸರಿಯಿದ್ದು ಇನ್ನೊಂದು ತಪ್ಪಿರುವುದುಂಟು.

ತಪ್ಪು ಕಂಡೊಡನೆ ಚಕ್ರ ಬದಲಿಸಿ, ಕೊಂಡಿ ಅರೆದು, ಬಣ್ಣ ಬಳಿದು ಸರಿಪಡಿಸಲು ಕೈ ತುರಿಸುತ್ತದೆ. ಹಾಗೆ ತಿದ್ದಿದ ವ್ಯಾಗನ್ ಹಳೆಯದಾಗಿಯೂ ಉಳಿಯದು, ಪೂರ್ಣ ನಿಖರವೂ ಆಗದು. ಅಮೆರಿಕದ ಹೊಸ ಬಾಕ್ಸ್ ವ್ಯಾಗನ್ನುಗಳ ಚಾವಣಿಯ ಮೇಲೆ ಕಾರ್ಮಿಕರು ನಡೆಯುವ ಹಲಗೆಗೆ 1966ರಲ್ಲಿ ನಿಷೇಧ ಬಂದಿತು. ಅಳತೆ ತಪ್ಪಿದ ಹಳೆಯ ಆಟಿಕೆಯ ನೆತ್ತಿಯ ಮೇಲೆ ಆ ಹಲಗೆ ಇಂದಿಗೂ ಇದೆ. ಪ್ರಮಾಣದಲ್ಲಿ ಸೋತದ್ದು ನೆನಪಿನಲ್ಲಿ ಸೋತಿಲ್ಲ.