ಸೂಜಿ ತಡವಾಯ್ತೆಂದು ಸಿಸ್ಟರ್ ಮೇಲೆ ರೇಗುವ ಮುನ್ನ

"ಏನ್ ಸಿಸ್ಟರ್, ಡಾಕ್ಟ್ರು ಆಗ್ಲೇ ಬರೆದು ಹೋದ್ರು, ಇನ್ನೂ ಸೂಜಿ ಹಾಕಿಲ್ವಲ್ಲ?" ಆಸ್ಪತ್ರೆ ವಾರ್ಡಿನಲ್ಲಿ ದಿನಾ ಕೇಳಿಬರುವ ಮಾತಿದು. ಸಕ್ಕರೆ ಕಾಯಿಲೆಯವರಿಗೆ ಊಟಕ್ಕೆ ಮುಂಚೆ ಇನ್ಸುಲಿನ್ ಅಂತ ಚೀಟಿಯಲ್ಲಿರುತ್ತದೆ, ನಿಜ. ಆದರೆ ಊಟದ ಕ್ಯಾರಿಯರ್ ತರುವವರಿಗೆ ಬಸ್ಸು ತಪ್ಪಿದ್ದರೆ? ಸೂಜಿ ಬಿದ್ದು ಹೊಟ್ಟೆಗೆ ಏನೂ ಬೀಳದಿದ್ದರೆ ಸಕ್ಕರೆ ಇಳಿದು ಬೆವರು, ನಡುಕ, ಕೊನೆಗೆ ಪ್ರಜ್ಞೆಯೇ ತಪ್ಪಬಹುದು. ಅದಕ್ಕೇ ಬಲ್ಲ ಸಿಸ್ಟರ್ "ಊಟ ಬಂತಾ ಅಜ್ಜಾ?" ಅಂತ ಮೊದಲು ಕೇಳುತ್ತಾರೆ. ಬಂದಿಲ್ಲವೆಂದರೆ ಸೂಜಿ ತಡೆದು ಡಾಕ್ಟರಿಗೆ ತಿಳಿಸುತ್ತಾರೆ.

ರಾತ್ರಿ ಪಾಳಿಯ ಕಷ್ಟ ಇನ್ನೊಂದು ಬಗೆ. ದೊಡ್ಡವರು ಸುಮ್ಮನೆ ಮಲಗಿದ್ದಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ನಾಡಿ, ಬಿ.ಪಿ. ಸರಿಯಿದ್ದರೂ ಉಸಿರು 25 ಮುಟ್ಟಿತೆಂದರೆ ಒಳಗೇನೋ ಕೆಡುತ್ತಿದೆ ಅಂತಲೇ ಅನುಮಾನಿಸಬೇಕು. ಬ್ರಿಟನ್ನಿನ ವೈದ್ಯರ ರಾಯಲ್ ಕಾಲೇಜು 2012ರಲ್ಲಿ ಹೊರತಂದ ಎಚ್ಚರಿಕೆ ಪಟ್ಟಿಯಲ್ಲೂ ಅಷ್ಟಕ್ಕೆ 3 ಅಂಕ. ಪರೀಕ್ಷೆಯ ಅಂಕದಂತಲ್ಲ ಸ್ವಾಮಿ, ಇಲ್ಲಿ ಹೆಚ್ಚಿದಷ್ಟೂ ಅಪಾಯ! ಎಣಿಸಲು ಯಂತ್ರ ಬೇಡ, ಗಡಿಯಾರ ಸಾಕು. ಆದರೆ ಪೂರಾ ಒಂದು ನಿಮಿಷ ಹಾಸಿಗೆ ಪಕ್ಕ ನಿಲ್ಲಬೇಕು. ಅವಸರದಲ್ಲಿ ಅಂದಾಜಿಗೆ "20" ಅಂತ ಗೀಚುವ ಚಾಳಿಯೂ ಉಂಟು.

ನಿಲ್ಲೋಕೆ ಪುರುಸೊತ್ತೆಲ್ಲಿ? ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗೆ, ಉಳಿದ ಕಡೆ 5 ರೋಗಿಗೆ ಒಬ್ಬ ದಾದಿ ಎಂಬುದು ಭಾರತೀಯ ನರ್ಸಿಂಗ್ ಕೌನ್ಸಿಲಿನ ಲೆಕ್ಕ. ರಾತ್ರಿ ಹೋಗಿ ಹಾಸಿಗೆ ಎಣಿಸಿ ನೋಡಿ, ಗೊತ್ತಾಗುತ್ತದೆ. ಎರಡು ಗಂಟೆಗೆ ಡ್ಯೂಟಿ ಡಾಕ್ಟರನ್ನು ಎಬ್ಬಿಸಿದರೆ ಬೈಗುಳ, ಎಬ್ಬಿಸದಿದ್ದರೆ ಬೆಳಗಿನ ಹೊತ್ತಿಗೆ ಏನಾಗಿರುತ್ತದೋ. ತೀರ್ಮಾನ ಆಕೆಯೊಬ್ಬಳದೇ.

ರೋಗಿ ಜೊತೆಗಿರುವವರು ಒಂದಿಷ್ಟು ನೆರವಾಗಬಹುದು. ಊಟ ತಡವಾದರೆ, ಏದುಸಿರು ಕಂಡರೆ, ಕೇಳುವ ಮೊದಲೇ ಹೋಗಿ ಹೇಳಿ.