ಉಲ್ಲೇಖಗಳ ಎಣಿಕೆಯೂ ವಿದ್ವತ್ತಿನ ತೂಕವೂ

ದಾವಣಗೆರೆಯ ಮಾರುಕಟ್ಟೆಯಲ್ಲಿ ಮೆಕ್ಕೆಜೋಳವನ್ನು ಕೊಳ್ಳುವ ವರ್ತಕನು ತಕ್ಕಡಿಯೊಂದನ್ನೇ ನಂಬುವುದಿಲ್ಲ. ಹಿಡಿಕಾಳನ್ನು ಅಂಗೈಯಲ್ಲಿ ಹರಡಿ, ತೇವವೆಷ್ಟು, ಹುಳುಕೆಷ್ಟು ಎಂದು ನೋಡಿದ ತರುವಾಯವೇ ಬೆಲೆಯನ್ನು ಹೇಳುವನು. ಕಾಳಿಗೆ ಸಲ್ಲುವ ಈ ವಿವೇಕವು ವಿದ್ವತ್ತಿಗೆ ಏಕೆ ಸಲ್ಲಬಾರದು?

1951ರಲ್ಲಿ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜನ್ನೂ 2009ರಲ್ಲಿ ವಿಶ್ವವಿದ್ಯಾನಿಲಯವನ್ನೂ ಪಡೆದ ಈ ನಗರದಲ್ಲಿ, ದಾವಣಗೆರೆ ಹರಿಹರಗಳ ತರುಣರು ಇಂದು ಯಂತ್ರಕಲಿಕೆಯನ್ನು, ಎಂದರೆ ಉದಾಹರಣೆಗಳಿಂದ ಗಣಕಯಂತ್ರವೇ ಕಲಿತುಕೊಳ್ಳುವ ಶಾಸ್ತ್ರವನ್ನು, ಅಭ್ಯಸಿಸುತ್ತಿದ್ದಾರೆ. ಇಂತಹ ಶಾಸ್ತ್ರವನ್ನು ಬೋಧಿಸುವವರ ಯೋಗ್ಯತೆಯನ್ನು, ಅವರ ಲೇಖನಗಳನ್ನು ಇತರರು ಎಷ್ಟು ಸಲ ಉಲ್ಲೇಖಿಸಿದರೆಂಬ ಎಣಿಕೆಯಿಂದ ಅಳೆಯುವ ಪದ್ಧತಿಯು ಲೋಕವನ್ನೆಲ್ಲ ವ್ಯಾಪಿಸಿದೆ.

ಭೌತಶಾಸ್ತ್ರಜ್ಞ ಹಿರ್ಷರು 2005ರಲ್ಲಿ ಸೂಚಿಸಿದ ಎಚ್ ಸೂಚ್ಯಂಕವು ಇವುಗಳಲ್ಲಿ ಪ್ರಸಿದ್ಧವಾದುದು. ಹತ್ತು ಲೇಖನಗಳು ತಲಾ ಹತ್ತು ಸಲವಾದರೂ ಉಲ್ಲೇಖಗೊಂಡಿದ್ದರೆ ಕರ್ತೃವಿನ ಅಂಕವು ಹತ್ತು. ಒಂದೇ ಲೇಖನವನ್ನು ಬರೆದು ಸಾವಿರ ಉಲ್ಲೇಖಗಳನ್ನು ಗಳಿಸಿದವನ ಅಂಕವಾದರೋ ಒಂದೇ!

ಸಹಕಾರದ ಲೆಕ್ಕವು ಇನ್ನೂ ತೊಡಕಿನದು. ಇಂದಿನ ಭಾಷಾಯಂತ್ರಗಳಿಗೆ ತಳಹದಿಯಾದ 2017ರ ಲೇಖನವೊಂದಕ್ಕೆ ಎಂಟು ಮಂದಿ ಕರ್ತೃಗಳು. ಯಾರು ಏನು ಮಾಡಿದರೆಂಬುದನ್ನು ಅವರು ಅಡಿಟಿಪ್ಪಣಿಯಲ್ಲಿ ವಿವರಿಸಿದ್ದಾರೆ. ಸಾಮಾನ್ಯ ಎಣಿಕೆಯು ಅದನ್ನು ಓದದು. ಎಂಟು ಮಂದಿಗೂ ಪೂರ್ಣ ಉಲ್ಲೇಖವನ್ನೇ ಬರೆದುಕೊಳ್ಳುವುದು. ಹರಿಹರೇಶ್ವರನ ಮೂರ್ತಿಯಲ್ಲಿ ಹರಿಯ ಭಾಗವಾವುದು, ಹರನ ಭಾಗವಾವುದು ಎಂಬುದು ನೋಡಿದವರಿಗೆ ತಿಳಿಯುವುದು. ಲೇಖನದಲ್ಲಿಯೂ ಹಾಗೆಯೇ, ಆದರೆ ನೋಡಬೇಕು.

ನಮ್ಮ ನುಡಿಗೇ ಸಂಬಂಧಿಸಿದ ನಿದರ್ಶನವೊಂದುಂಟು. ಕೈಬರಹದ ಕನ್ನಡ ಅಂಕಿಗಳನ್ನು ಯಂತ್ರಕ್ಕೆ ಕಲಿಸುವುದಕ್ಕಾಗಿ ವಿನಯ್ ಉದಯ್ ಪ್ರಭು ಅವರು 2019ರಲ್ಲಿ ಒಂದು ಸಂಗ್ರಹವನ್ನು ಪ್ರಕಟಿಸಿದರು. ಅದರ ಮುಖ್ಯ ಭಾಗದಲ್ಲಿ ಕಲಿಕೆಗೆ 60,000, ಪರೀಕ್ಷೆಗೆ 10,000 ಚಿತ್ರಗಳಿವೆ. ಅದಕ್ಕಾಗಿ ಅಂಕಿಗಳನ್ನು ಬರೆದುಕೊಟ್ಟವರು ಬೆಂಗಳೂರಿನ 65 ಮಂದಿ ಸ್ವಯಂಸೇವಕರು. ಉಲ್ಲೇಖದ ಖಾತೆಯಲ್ಲಿ ಆ ಕೈಗಳಿಗೆ ಸ್ಥಾನವಿಲ್ಲ. ಅದೇ ಪ್ರಭು ಅವರು 2020ರಲ್ಲಿ ಅಬೆಬಾ ಬಿರ್ಹಾನೆಯವರೊಡನೆ, ಅಮೆರಿಕದ ಎಂಐಟಿ ಸಂಸ್ಥೆಯ ಎಂಟು ಕೋಟಿ ಚಿತ್ರಗಳ ಸಂಗ್ರಹದಲ್ಲಿ ಜನರಿಗೆ ನಿಂದಾಪದಗಳನ್ನು ಅಂಟಿಸಿರುವುದನ್ನು ತೋರಿಸಿಕೊಟ್ಟರು. ಸಂಸ್ಥೆಯು ಆ ಸಂಗ್ರಹವನ್ನೇ ಹಿಂತೆಗೆದುಕೊಂಡಿತು. ಇಂತಹ ಲೋಕೋಪಕಾರವು ಯಾವ ಸೂಚ್ಯಂಕದಲ್ಲಿ ಅಡಗೀತು?

ಎಣಿಕೆಯೇ ಬೇಡವೆಂದು ನಾವು ಹೇಳುವುದಿಲ್ಲ. ಅದಿಲ್ಲದಿದ್ದರೆ ಶಿಫಾರಸಿನ ಬಲವೊಂದೇ ಉಳಿದೀತು. ಆದರೆ ಅಂಕವು ಸಾಕ್ಷಿಯೇ ಹೊರತು ತೀರ್ಪಲ್ಲ. ನೇಮಕಾತಿಯ ಸಮಿತಿಗಳು ಅಭ್ಯರ್ಥಿಯ ಉತ್ತಮ ಲೇಖನಗಳು ಮೂರನ್ನಾದರೂ ತಜ್ಞರಿಂದ ಓದಿಸಲಿ. ಪ್ರತಿಯೊಂದರಲ್ಲಿಯೂ ಆತನ ಪಾಲೆಷ್ಟೆಂಬುದನ್ನು ಬರೆಹದಲ್ಲಿ ಪಡೆಯಲಿ. ಇದಕ್ಕೆ ಹಣ ಬೇಕಿಲ್ಲ, ಕೆಲವು ದಿನಗಳ ಶ್ರಮ ಸಾಕು. ಓದುವ ಶ್ರಮವನ್ನು ಉಳಿಸಿಕೊಳ್ಳಲು ಹೋಗಿ ಅಯೋಗ್ಯರನ್ನು ಆರಿಸಿದರೆ, ಅದರ ಫಲವನ್ನು ಮೂವತ್ತು ವರ್ಷಗಳ ಕಾಲ ಉಣ್ಣುವವರು ನಮ್ಮ ಮಕ್ಕಳೆಂಬುದನ್ನು ಅಧಿಕಾರಿವರ್ಗದವರು ಮರೆಯಲಾರರೆಂದು ನಂಬಿದ್ದೇವೆ.