ನಿಮಗಿದು ಗೊತ್ತೆ? ಮೂರು ಸಲ ಬರೆದ ಬಾಲ್ಯ

1899ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಸಿರಿವಂತ ಮನೆತನದಲ್ಲಿ ಹುಟ್ಟಿದ ಕಾದಂಬರಿಕಾರ ವ್ಲಾದಿಮಿರ್ ನಬೊಕೊವ್, ರಷ್ಯನ್ ಓದಲು ಕಲಿಯುವ ಮೊದಲೇ ಇಂಗ್ಲಿಷ್ ಓದುತ್ತಿದ್ದರು! 1916ರಲ್ಲಿ ಸೋದರಮಾವನ ದೊಡ್ಡ ಆಸ್ತಿ, ಬಂಗಲೆ ಅವರ ಪಾಲಿಗೆ ಬಂತು. ಮರುವರ್ಷದ ರಷ್ಯಾ ಕ್ರಾಂತಿಯಲ್ಲಿ ಅದೆಲ್ಲ ಹೋಯಿತು. 1919ರಲ್ಲಿ ದೇಶ ತೊರೆಯಲು ಕುಟುಂಬ ಕ್ರಿಮಿಯಾದಲ್ಲಿ ಹಡಗು ಹತ್ತಿತು. ದಡದಿಂದ ಗುಂಡು ಹಾರುತ್ತಿದ್ದರೂ ನಬೊಕೊವ್ ತಂದೆಯೊಡನೆ ಚದುರಂಗ ಆಡುತ್ತಿದ್ದರು. ಎಂಥ ಎದೆಗಾರಿಕೆ!

ಕಳೆದ ಹಣಕ್ಕಲ್ಲ, ಕಳೆದ ಬಾಲ್ಯಕ್ಕಾಗಿ ಮಿಡಿಯುವ ಅವರ ನೆನಪುಗಳು 1951ರಲ್ಲಿ ಇಂಗ್ಲಿಷ್‌ನಲ್ಲಿ, 1954ರಲ್ಲಿ ರಷ್ಯನ್‌ನಲ್ಲಿ ಬಂದವು. ಪುಸ್ತಕ ಓದಿದ ಬಂಧುಗಳು ತೋರಿಸಿದ ತಪ್ಪುಗಳನ್ನು ತಿದ್ದಿ, 1966ರಲ್ಲಿ ‘ಸ್ಪೀಕ್, ಮೆಮೊರಿ’ ಎಂಬ ಹೆಸರಿನಲ್ಲಿ ಪರಿಷ್ಕೃತ ಆವೃತ್ತಿ ತಂದರು.